ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟುವುದು ಹೇಗೆ? ಹಳೆಯ ಹಾಯಿದೋಣಿಗಳ ಕೊಡು-ಕೊಳ್ಳುವಿಕೆಯ ಕಥೆ



ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ ಎಂಬ ಮಾತನ್ನು ನೀವು ಹಿರಿಯರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಕೆರೆಯಲ್ಲಿ ಮಲಗಿರುವ ಎಮ್ಮೆಯ ಕೊಂಬು ಕಾಣುತ್ತದೆ, ಬೆನ್ನು ಅಷ್ಟಿಷ್ಟು ಕಾಣುತ್ತದೆ. ಕಾಲು ಕುಂಟೋ, ಕೆಚ್ಚಲು ಸರಿಯಿದೆಯೋ, ಹೊಟ್ಟೆಯ ಕೆಳಗೆ ಹುಣ್ಣಿದೆಯೋ ಎಂಬುದು ಅದು ದಡಕ್ಕೆ ಬರುವ ತನಕ ಗೊತ್ತಾಗುವುದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಎಮ್ಮೆಯ ವಿಷಯವಲ್ಲ, ಹಳೆಯ ಹಾಯಿದೋಣಿಯ ವಿಷಯ. ಆದರೆ ಈ ಗಾದೆಯಷ್ಟು ಚೆನ್ನಾಗಿ ಅದಕ್ಕೆ ಒಪ್ಪುವ ಮಾತು ನನಗೆ ಬೇರೆ ಸಿಗಲಿಲ್ಲ.

ನಾವಿರುವ ಈ ಬ್ರಿಟನ್ನಿನ ಕರಾವಳಿಯ ಯಾವ ಊರಿಗೆ ಹೋದರೂ ನೋಡುತ್ತೀರಿ. ಮರೀನಾಗಳಲ್ಲಿ, ಕೆಸರಿನ ಅಳಿವೆಗಳಲ್ಲಿ, ಬೇಲಿ ಹಾಕಿದ ಅಂಗಳಗಳಲ್ಲಿ ಸಾಲುಸಾಲಾಗಿ ನಿಂತ 20ರಿಂದ 35 ಅಡಿಯ ದೋಣಿಗಳು, ಕೆಲವದರ ಮೇಲೆ 'ಮಾರಾಟಕ್ಕಿದೆ' ಎಂಬ ಹಲಗೆ. ಒಳಗೆ ಮಲಗಲು ನಾಲ್ಕು ಹಾಸಿಗೆ, ಒಂದು ಪುಟ್ಟ ಒಲೆ, ಒಂದು ಇಕ್ಕಟ್ಟಾದ ಶೌಚದ ಕೋಣೆ. ಹಳೆಯ ಕಾರಿನ ಬೆಲೆಗೆ ಇಂಥ ದೋಣಿ ಸಿಗುತ್ತದೆ ಎಂದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾಗುತ್ತದೆ. ಹಳೆಯ ಕಾರು ಕೆಟ್ಟರೆ ರಸ್ತೆಬದಿಗೆ ನಿಲ್ಲಿಸಿ ಕೆಳಗಿಳಿಯಬಹುದು. ದೋಣಿಗೆ ರಸ್ತೆಬದಿ ಎಂಬುದಿಲ್ಲ. ಬಣ್ಣದ ಕೆಳಗೆ ಏನಿದೆ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಂಡುಕೊಂಡವನು ಅದರ ಬೆಲೆಯನ್ನು ನಡುನೀರಿನಲ್ಲಿ ತೆರುತ್ತಾನೆ. ಹಾಗಾಗಿ ಈ ವ್ಯಾಪಾರದ ಚರಿತ್ರೆಯೆಂದರೆ, ಕಾಣದ್ದನ್ನು ತಿಳಿಯಲು ಮನುಷ್ಯರು ಕಂಡುಕೊಂಡ ದಾರಿಗಳ ಚರಿತ್ರೆ.

ಆ ಚರಿತ್ರೆ ಶುರುವಾಗುವುದು ಒಂದು ಕಾಫಿ ಅಂಗಡಿಯಲ್ಲಿ. ಲಂಡನ್ನಿನಲ್ಲಿ 17ನೇ ಶತಮಾನದ ಕೊನೆಗೆ ಎಡ್ವರ್ಡ್ ಲಾಯ್ಡ್ ಎಂಬಾತ ನಡೆಸುತ್ತಿದ್ದ ಕಾಫಿ ಮನೆಗೆ ಹಡಗಿನ ಯಜಮಾನರು, ಕಪ್ತಾನರು, ವರ್ತಕರು, ಹಡಗಿಗೆ ವಿಮೆ ಬರೆಯುವವರು ಬಂದು ಕೂರುತ್ತಿದ್ದರು. ವಿಮೆ ಬರೆಯುವವನದು ನೀರಲ್ಲಿರುವ ಎಮ್ಮೆಯದೇ ಕಷ್ಟ. ಹಡಗು ಎಲ್ಲೋ ದೂರದ ರೇವಿನಲ್ಲಿದೆ, ಅದು ಗಟ್ಟಿಯೋ ಟೊಳ್ಳೋ ಕಂಡವರಾರು? ಲಾಯ್ಡ್ ಕಾಲವಾದ ಎಷ್ಟೋ ವರ್ಷಗಳ ನಂತರ, 1760ರಲ್ಲಿ, ಆ ಕಾಫಿ ಮನೆಯ ಗಿರಾಕಿಗಳೇ ಸೇರಿ ಒಂದು ಸಂಘ ಕಟ್ಟಿದರು. ಅನುಭವಸ್ಥರನ್ನು ಕಳಿಸಿ ಹಡಗುಗಳನ್ನು ಪರೀಕ್ಷೆ ಮಾಡಿಸಿ, 1764ರ ಹೊತ್ತಿಗೆ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಹಡಗಿನ ಒಡಲಿಗೆ ಎ, ಇ, ಐ, ಓ, ಯು ಎಂದು ಐದು ದರ್ಜೆ. ಹಗ್ಗ, ಲಂಗರು ಮುಂತಾದ ಸಲಕರಣೆಗಳಿಗೆ ಬೇರೆ ದರ್ಜೆ, ಅದನ್ನು ಮುಂದೆ ಅಂಕಿಗಳಲ್ಲಿ ಬರೆಯತೊಡಗಿದರು. ಒಡಲೂ ಉತ್ತಮ, ಸಲಕರಣೆಯೂ ಉತ್ತಮವಾದರೆ 'ಎ ಒನ್'. ನಾವು ಇವತ್ತು ದೋಸೆಗೂ ಸಿನಿಮಾಗೂ 'ಎ ಒನ್' ಎಂದು ಸರ್ಟಿಫಿಕೇಟ್ ಕೊಡುತ್ತೇವಲ್ಲ, ಆ ಮಾತು ಹೆಸರಾದದ್ದು ಈ ಹಡಗಿನ ಪುಸ್ತಕದಿಂದ.

ಪುಸ್ತಕ ಬಂದಕೂಡಲೇ ಜಗಳವೂ ಬಂತು, ಮತ್ತು ಆ ಜಗಳ ಇವತ್ತಿಗೂ ಮುಗಿದಿಲ್ಲ. 18ನೇ ಶತಮಾನದ ಕೊನೆಯಲ್ಲಿ ಸಂಘದವರು ದರ್ಜೆ ಕೊಡುವ ಕ್ರಮ ಬದಲಾಯಿಸಿದರು. ಹಡಗಿನ ಸ್ಥಿತಿಗಿಂತ ಅದರ ವಯಸ್ಸು ಎಷ್ಟು, ಅದನ್ನು ಎಲ್ಲಿ ಕಟ್ಟಿದರು ಎಂಬುದಕ್ಕೆ ಹೆಚ್ಚು ತೂಕ ಬಂತು. ಥೇಮ್ಸ್ ದಂಡೆಯಲ್ಲಿ ಕಟ್ಟಿದ ಹಡಗಿಗೆ ಒಳ್ಳೆಯ ಹೆಸರು, ಬೇರೆ ಊರಿನ ಹಡಗಿಗೆ ಬೇಗ ಮುಪ್ಪು! ಹಡಗಿನ ಯಜಮಾನರು ಸಿಟ್ಟಾದರು. 1799ರಲ್ಲಿ ತಮ್ಮದೇ ಬೇರೆ ಪುಸ್ತಕ ಹೊರಡಿಸಿದರು. ವಿಮೆಯವರದು ಹಸಿರು ಪುಸ್ತಕ, ಯಜಮಾನರದು ಕೆಂಪು ಪುಸ್ತಕ. ಒಂದೇ ಹಡಗಿಗೆ ಎರಡು ಜಾತಕ. ಮೂವತ್ತೈದು ವರ್ಷ ಹೀಗೆ ಗುದ್ದಾಡಿ, ಇಬ್ಬರ ಹಣವೂ ಖಾಲಿಯಾಗುತ್ತ ಬಂದ ಮೇಲೆ 1834ರಲ್ಲಿ ಎರಡನ್ನೂ ಒಂದುಗೂಡಿಸಿದರು. ಹಳೆಯ ದೋಣಿಯನ್ನು ವಯಸ್ಸು ನೋಡಿ ಅಳೆಯಬೇಕೋ, ಸ್ಥಿತಿ ನೋಡಿ ಅಳೆಯಬೇಕೋ? ಮಾರುವವನ ಮಾತು ನಂಬಬೇಕೋ, ಕೊಳ್ಳುವವನ ಅನುಮಾನ ನಂಬಬೇಕೋ? ಮರೀನಾದಲ್ಲಿ ಇವತ್ತು ಚೌಕಾಸಿ ಮಾಡುವ ಇಬ್ಬರ ಕೈಯಲ್ಲೂ ಕಣ್ಣಿಗೆ ಕಾಣದ ಆ ಕೆಂಪು ಮತ್ತು ಹಸಿರು ಪುಸ್ತಕಗಳು ಇದ್ದೇ ಇರುತ್ತವೆ.

ದರ್ಜೆಯ ಪುಸ್ತಕ ಇದ್ದ ಮಾತ್ರಕ್ಕೆ ಅನ್ಯಾಯ ನಿಲ್ಲಲಿಲ್ಲ. 19ನೇ ಶತಮಾನದಲ್ಲಿ ಹಳಸಿದ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ಭಾರೀ ವಿಮೆ ಮಾಡಿಸಿ ಸಮುದ್ರಕ್ಕೆ ಕಳಿಸುವವರಿದ್ದರು. ಮುಳುಗಿದರೆ ಯಜಮಾನನಿಗೆ ನಷ್ಟವಿಲ್ಲ, ಸಾಯುವವರು ನಾವಿಕರು. ಜನ ಅಂಥವನ್ನು 'ಶವಪೆಟ್ಟಿಗೆ ಹಡಗು' ಎಂದೇ ಕರೆದರು. ಸಂಸತ್ ಸದಸ್ಯ ಸ್ಯಾಮುಯೆಲ್ ಪ್ಲಿಮ್ಸಾಲ್ 1873ರಲ್ಲಿ ನಾವಿಕರ ಪರವಾಗಿ ಪುಸ್ತಕ ಬರೆದು, ಸಂಸತ್ತಿನಲ್ಲಿ ಕೂಗಾಡಿ, ಕೊನೆಗೆ 1876ರ ಕಾಯಿದೆಯಲ್ಲಿ ಹಡಗಿನ ಪಕ್ಕೆಗೆ ಭಾರದ ಗೆರೆ ಎಳೆಸಿದ. ಹಡಗು ಎಷ್ಟು ಮುಳುಗಿದೆ ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಹುದಾದ ಆ ಗೆರೆಗೆ ಇಂದಿಗೂ ಅವನದೇ ಹೆಸರು. ಕಾಣದ ವಿಷಯವನ್ನು ಬಡವನ ಕಣ್ಣಿಗೂ ಕಾಣುವಂತೆ ಮಾಡಿದ್ದು ಅವನ ಹೆಚ್ಚುಗಾರಿಕೆ.

ಇದುವರೆಗೆ ಹೇಳಿದ್ದು ದೊಡ್ಡ ಹಡಗುಗಳ ಮಾತು. ಚಿಕ್ಕ ದೋಣಿಯಲ್ಲಿ ದೂರ ಹೋಗುವವರ ಕಥೆಗೆ ಬರೋಣ. ಅದರಲ್ಲಿ ಮೊದಲ ಹೆಸರು ಜೋಶುವಾ ಸ್ಲೋಕಮ್. 1844ರಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿ, ಅಮೆರಿಕದ ಪ್ರಜೆಯಾಗಿ, ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿದ್ದವನು. ಉಗಿಹಡಗುಗಳು ಬಂದ ಮೇಲೆ ಅವನಂಥವರಿಗೆ ಕೆಲಸವಿಲ್ಲ. 1892ರಲ್ಲಿ ತಿಮಿಂಗಿಲ ಬೇಟೆಯ ಹಡಗಿನ ಹಳೆಯ ಕಪ್ತಾನನೊಬ್ಬ, 'ನಿನಗೊಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಇದೆ' ಎಂಬ ಅರ್ಥದ ಮಾತು ಹೇಳಿದ. ಮ್ಯಾಸಚೂಸೆಟ್ಸಿನ ಫೇರ್‌ಹೇವನ್‌ಗೆ ಹೋಗಿ ನೋಡಿದರೆ ಅದು ನೀರಿನಲ್ಲೂ ಇರಲಿಲ್ಲ. ಹೊಲದ ನಡುವೆ ಕಂಬಗಳ ಆಸರೆಯ ಮೇಲೆ, ಕ್ಯಾನ್ವಾಸು ಹೊದ್ದು ನಿಂತಿದ್ದ 'ಸ್ಪ್ರೇ' ಎಂಬ ಮುದಿ ದೋಣಿ. ಊರಿನವರು ಅದನ್ನು ಒಡೆದುಹಾಕಲು ಯಾರೋ ಬಂದನೆಂದುಕೊಂಡರು. ಸ್ಲೋಕಮ್ ಹತ್ತಿರದಲ್ಲೇ ಓಕ್ ಮರ ಕಡಿಸಿ ಅಡಿಮರ ಮಾಡಿದ, ಪಕ್ಕೆಲುಬು ಕೂರಿಸಿದ, ಹಲಗೆ ಹೊಡೆದ. ಇದು ಗಿಟ್ಟುತ್ತದೆಯೇ ಎಂದು ದಾರಿಹೋಕರು ಕೇಳುತ್ತಲೇ ಇದ್ದರು. ಹದಿಮೂರು ತಿಂಗಳ ದುಡಿಮೆ, 553 ಡಾಲರ್ 62 ಸೆಂಟ್ ಸಾಮಾನಿನ ಖರ್ಚು. ಲೆಕ್ಕವನ್ನು ಅವನು ಸೆಂಟಿನವರೆಗೂ ಬರೆದಿಟ್ಟಿದ್ದಾನೆ.

ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತ ಹೋದರೆ ಹಳೆಯ ದೋಣಿ ಸತ್ತು ಹೊಸ ದೋಣಿ ಹುಟ್ಟಿದ್ದು ಯಾವ ಗಳಿಗೆಯಲ್ಲಿ? ಈ ಪ್ರಶ್ನೆ ಸ್ಲೋಕಮ್‌ಗೂ ಬಂತು. ಲಾಯ್ಡ್ಸ್‌ನ ನಿಯಮವನ್ನೇ ಅವನು ನೆನೆಯುತ್ತಾನೆ. 'ಜೇನ್' ಎಂಬ ಹಡಗನ್ನು ತುಂಡು ತುಂಡಾಗಿ ರಿಪೇರಿ ಮಾಡುತ್ತ ಪೂರ್ತಿ ಹೊಸದಾಗಿಸಿದರೂ ಅದು 'ಜೇನ್' ಹಡಗೇ ಎಂಬುದು ಅದರ ಸಾರ. ಅಜ್ಜನ ಕೊಡಲಿಗೆ ಮೂರು ಸಲ ಕಾವು ಬದಲಾಯಿಸಿ, ಎರಡು ಸಲ ಅಲಗು ಬದಲಾಯಿಸಿದರೂ ಅದು ಅಜ್ಜನ ಕೊಡಲಿಯೇ ಅಲ್ಲವೇ? ಆ 36 ಅಡಿ 9 ಅಂಗುಲದ ಸ್ಪ್ರೇ ದೋಣಿಯಲ್ಲಿ ಅವನು 1895ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನಿಂದ ಹೊರಟು, 1898ರ ಜೂನ್‌ನಲ್ಲಿ ನ್ಯೂಪೋರ್ಟಿಗೆ ಮರಳಿದ. 46,000 ಮೈಲಿ, ಒಬ್ಬನೇ. ಒಬ್ಬಂಟಿಯಾಗಿ ಹಾಯಿ ಕಟ್ಟಿ ಭೂಮಿಯನ್ನು ಸುತ್ತಿದ ಮೊದಲ ಮನುಷ್ಯ ಹೋಗಿದ್ದು ಬಿಟ್ಟಿ ಸಿಕ್ಕ ಹಳೆಯ ದೋಣಿಯಲ್ಲಿ ಎಂಬುದನ್ನು ಮರೆಯಬಾರದು. ಅದೇ ದೋಣಿಯಲ್ಲಿ 1909ರ ನವೆಂಬರಿನಲ್ಲಿ ಹೊರಟವನು ಮತ್ತೆ ಮರಳಲಿಲ್ಲ ಎಂಬುದನ್ನೂ ಮರೆಯಬಾರದು. ಹಳೆಯ ದೋಣಿಯನ್ನು ಒಮ್ಮೆ ಗೆದ್ದರೆ ಸಾಲದು, ಪ್ರತಿ ವರ್ಷವೂ ಗೆಲ್ಲಬೇಕು.

ಸ್ಲೋಕಮ್ ಕಂಡುಕೊಂಡ ದಾರಿ ಸರಳ, ಆದರೆ ಎಲ್ಲರಿಗೂ ಆಗುವಂಥದಲ್ಲ. ಬಣ್ಣದ ಕೆಳಗೆ ಏನಿದೆ ಎಂಬ ಸಂಶಯವೇ ಬೇಡ, ಎಲ್ಲವನ್ನೂ ಕಿತ್ತು ನಾನೇ ಹಾಕುತ್ತೇನೆ ಎನ್ನುವ ದಾರಿ ಅದು. ಕೈಕೆಲಸ ಬಾರದ ಮಧ್ಯಮ ವರ್ಗದವರು ಏನು ಮಾಡಬೇಕು? ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಒಂದು ಉಪಾಯವಿತ್ತು. ಕೆಲಸದಿಂದ ತೆಗೆದುಹಾಕಿದ ಜೀವರಕ್ಷಕ ದೋಣಿಗಳನ್ನು ಕೊಂಡು, ಮೇಲೆ ಮುಚ್ಚಿಗೆ ಹಾಕಿಸಿ ಪ್ರವಾಸದ ದೋಣಿ ಮಾಡಿಕೊಳ್ಳುವುದು. ಬಿರುಗಾಳಿಯಲ್ಲಿ ಜನರನ್ನು ಉಳಿಸಲೆಂದೇ ಕಟ್ಟಿದ್ದು ಗಟ್ಟಿಯಾಗಿರಲೇಬೇಕಲ್ಲ! ಸಂಸತ್ತಿನಲ್ಲಿ ಗುಮಾಸ್ತನಾಗಿದ್ದ ಅರ್ಸ್ಕಿನ್ ಚಿಲ್ಡರ್ಸ್ 1897ರಲ್ಲಿ ಕೊಂಡ 'ವಿಕ್ಸನ್' ಅಂಥದೇ ದೋಣಿ. ಅದೇ ವರ್ಷ ಅದರಲ್ಲಿ ಜರ್ಮನಿಯ ಫ್ರಿಸಿಯನ್ ದ್ವೀಪಗಳ ಮರಳುದಿಣ್ಣೆಗಳನ್ನು ಸುತ್ತಿ ಬಂದ. 1903ರಲ್ಲಿ ಅವನು ಬರೆದ 'ದಿ ರಿಡಲ್ ಆಫ್ ದಿ ಸ್ಯಾಂಡ್ಸ್' ಕಾದಂಬರಿಯ ದೋಣಿ ಇದರ ನೆರಳೇ. ಕುರೂಪಿಯಾದ ಹಳೆಯ ದೋಣಿಯಲ್ಲೂ ಘನವಂತರು ಪ್ರವಾಸ ಮಾಡಬಹುದೆಂದು ಆ ಪುಸ್ತಕ ಒಂದು ಪೀಳಿಗೆಗೆ ಧೈರ್ಯ ಕೊಟ್ಟಿತು.

ದೋಣಿ ಮಾರುವಾಗ ಮರ, ಹಾಯಿ, ಹಗ್ಗದ ಜೊತೆಗೆ ಇನ್ನೊಂದೂ ಕೈ ಬದಲಾಗುತ್ತದೆ, ಅದು ಹೆಸರು. ಮಕ್ಕಳ ಸಾಹಿತಿ ಆರ್ಥರ್ ರ್‍ಯಾನ್ಸಮ್ ಬಾಲ್ಟಿಕ್ ತೀರದಲ್ಲಿ 1922ರಲ್ಲಿ ಕಟ್ಟಿಸಿದ ದೋಣಿಯ ಹೆಸರು 'ರಕುಂಡ್ರಾ'. 1925ರಲ್ಲಿ ಅದನ್ನು ಆಡ್ಲಾರ್ಡ್ ಕೋಲ್ಸ್ ಎಂಬ ಯುವಕನಿಗೆ ಮಾರಿದ. ಷರತ್ತು ಏನೆಂದರೆ, ದೋಣಿ ನಿನ್ನದು, ಹೆಸರು ನನ್ನದು. ಕೋಲ್ಸ್ ಅದಕ್ಕೆ ಬೇರೆ ಹೆಸರು ಇಟ್ಟುಕೊಳ್ಳಬೇಕಾಯಿತು. ಹಸು ಮಾರುವಾಗ ಹಗ್ಗ ಬಿಚ್ಚಿ ಇಟ್ಟುಕೊಳ್ಳುವ ನಮ್ಮ ಕಡೆಯ ರೈತರ ರೂಢಿ ನಿಮಗೆ ನೆನಪಾಗಬಹುದು. ಜೀವವಿರುವಂತೆ ಸಾಕಿದ್ದನ್ನು ಮಾರುವಾಗ ಮನಸ್ಸು ಏನನ್ನಾದರೂ ಹಿಡಿದಿಟ್ಟುಕೊಳ್ಳುತ್ತದೆ.

ಮನಸ್ಸಿನ ಮಾತು ಹಾಗಿರಲಿ, ಕಾನೂನಿನ ಮಾತು ಬೇರೆ. ಬ್ರಿಟಿಷ್ ಹಡಗಿನ ಒಡೆತನವನ್ನು 64 ಪಾಲುಗಳಾಗಿ ನೋಡುವ ಪದ್ಧತಿ ಹಳೆಯದು. ದೊಡ್ಡ ಹಡಗು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬ ವರ್ತಕನದು 16 ಪಾಲು, ಕಪ್ತಾನನದು 8, ಯಾರೋ ವಿಧವೆಯದು 4, ಹೀಗೆ ಹಂಚಿಕೊಂಡು ನಷ್ಟವನ್ನೂ ಹಂಚಿಕೊಳ್ಳಬಹುದಿತ್ತು. ಆ ಲೆಕ್ಕ ಇಂದಿಗೂ ಬದುಕಿದೆ. ಬ್ರಿಟನ್ನಿನ ಹಡಗು ನೋಂದಣಿಯ ಮೊದಲ ಭಾಗದಲ್ಲಿ ದಾಖಲಾದ 26 ಅಡಿಯ ದೋಣಿಯನ್ನು ಕೊಂಡರೂ ನಿಮ್ಮ ಕ್ರಯಪತ್ರದಲ್ಲಿ 64 ಪಾಲುಗಳನ್ನು ಕೊಂಡಿದ್ದೀರಿ ಎಂದೇ ಬರೆದಿರುತ್ತದೆ. 1983ರಲ್ಲಿ ಬಂದ ಚಿಕ್ಕ ದೋಣಿಗಳ ನೋಂದಣಿ ಅಗ್ಗ, ಸುಲಭ. ಆದರೆ ಅದು ಒಡೆತನಕ್ಕೆ ಪುರಾವೆಯಲ್ಲ, ದೋಣಿಯ ಮೇಲಿನ ಅಡಮಾನವನ್ನೂ ತೋರಿಸುವುದಿಲ್ಲ. ಇನ್ನೊಂದು ಮಾತು: ಸಮುದ್ರದ ಕಾನೂನಿನಲ್ಲಿ ಕೆಲವು ಸಾಲಗಳು ಮನುಷ್ಯನಿಗಲ್ಲ, ದೋಣಿಗೇ ಅಂಟಿಕೊಳ್ಳುತ್ತವೆ. ಹಳೆಯ ಯಜಮಾನ ಬಿಟ್ಟುಹೋದ ಅಂಥ ಬಾಕಿಗೆ ಹೊಸ ಯಜಮಾನನ ದೋಣಿಯನ್ನು ತಡೆಹಿಡಿಯಬಹುದು. ಊರಿನಲ್ಲಿ ಸೈಟು ಕೊಳ್ಳುವಾಗ ಋಣಭಾರ ಪ್ರಮಾಣಪತ್ರ ಕೇಳುವ ನಾವು, ಇಲ್ಲಿ ದೋಣಿ ಕೊಳ್ಳುವಾಗಲೂ ಕಾಗದ ಕೇಳಲು ಹಿಂಜರಿಯಬಾರದು.

ಈಗ ನಮ್ಮ ಕಡೆಯ ಮರದ ಮಾತು. ಇಂಗ್ಲೆಂಡಿನ ಓಕ್ ಸಾಲದಾದಾಗ ಬ್ರಿಟಿಷರು ಬೊಂಬಾಯಿಯ ಹಡಗುಕಟ್ಟೆಯತ್ತ ತಿರುಗಿದರು. ಅಲ್ಲಿನ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು ಪಶ್ಚಿಮ ಘಟ್ಟದ ಸಾಗುವಾನಿಯಿಂದ ಹಡಗು ಕಟ್ಟುತ್ತಿದ್ದರು. ಮಲಬಾರಿನ ಜೊತೆಗೆ ನಮ್ಮ ಕೆನರಾ ಕಾಡುಗಳ ಸಾಗುವಾನಿಯ ಮೇಲೂ ಆ ಹಡಗುಕಟ್ಟೆಯ ಕಣ್ಣಿತ್ತು. 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಯುದ್ಧನೌಕೆ ಮಲಬಾರ್ ಸಾಗುವಾನಿಯದು. 1897ರಲ್ಲಿ ನೌಕಾಪಡೆ ಅದನ್ನು ಒಡೆಯುವವರಿಗೆ ಮಾರಿಬಿಟ್ಟಿತ್ತು. ಜಾರ್ಜ್ ವೀಟ್ಲಿ ಕಾಬ್ ಎಂಬ ಸಿರಿವಂತ ಅವರಿಂದ ಕೊಂಡು ಹುಡುಗರ ತರಬೇತಿ ಹಡಗು ಮಾಡಿದ. ಹಾಗಾಗಿ ಅದು ಉಳಿಯಿತು. ಇಂದಿಗೂ ಈ ದೇಶದ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಯಾವಾಗಲಾದರೂ ಆ ಕಡೆ ಹೋದರೆ ಅದರ ಹಲಗೆ ಮುಟ್ಟಿ ಬನ್ನಿ. ಇನ್ನೂರು ವರ್ಷ ದಾಟಿದ, ನಮ್ಮ ಘಟ್ಟದ ಸಾಲಿನಲ್ಲಿ ಬೆಳೆದ ಮರ ಅದು.

ಅದೇ ಬೊಂಬಾಯಿಯಲ್ಲಿ 1960ರ ದಶಕದಲ್ಲಿ ಹಡಗಿನ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಯುವಕ ಒಂದು 32 ಅಡಿಯ ದೋಣಿ ಕಟ್ಟಿಸಿದ. ಬಾಚಿಯಿಂದ ಮರ ಕೆತ್ತಿ, ದಾರ ಸುತ್ತಿ ತಿರುಗಿಸುವ ಬೈರಿಗೆಯಿಂದ ತೂತು ಕೊರೆಯುವ ಬಡಗಿಗಳು ಅದನ್ನು ಸಾಗುವಾನಿಯಲ್ಲಿ ಕಟ್ಟಿಕೊಟ್ಟರು. ಹೆಸರು 'ಸುಹೈಲಿ'. ಊರಿಗೆ ಮರಳಿದ ಮೇಲೆ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕೆಂದು ಆಸೆಯಾಯಿತು. ಅದಕ್ಕೆ 53 ಅಡಿಯ ಹೊಸ ಉಕ್ಕಿನ ದೋಣಿ ಬೇಕೆಂದು ಕಂಡ ಕಂಡವರಲ್ಲಿ ಹಣ ಕೇಳಿದ. ಹೆಸರಿಲ್ಲದ ಹುಡುಗನಿಗೆ ಯಾರೂ ಕೊಡಲಿಲ್ಲ. ಕೊನೆಗೆ ಇದ್ದ ಸುಹೈಲಿಯಲ್ಲೇ 1968ರ ಜೂನ್ 14ರಂದು ಫಾಲ್ಮತ್‌ನಿಂದ ಹೊರಟ. ದಾರಿಯಲ್ಲಿ ಒಡಲಿನ ಸಂದಿಯಿಂದ ನೀರು ಒಸರತೊಡಗಿದಾಗ ಅಟ್ಲಾಂಟಿಕ್ ನಡುವೆ ತಾನೇ ನೀರಿಗಿಳಿದು, ಸಂದಿಗೆ ಹತ್ತಿ ತುರುಕಿ, ಮೇಲೆ ತಾಮ್ರದ ತಗಡು ಹೊಡೆದ. 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಮರಳಿದ. ಆ ಸ್ಪರ್ಧೆಯಲ್ಲಿ ಹೊರಟವರು ಒಂಬತ್ತು ಮಂದಿ, ಮುಗಿಸಿದವನು ಅವನೊಬ್ಬನೇ. ಹೊಸ ವೈದ್ಯನಿಗಿಂತ ಹಳೆಯ ರೋಗಿ ವಾಸಿ ಎನ್ನುತ್ತಾರಲ್ಲ, ಹಾಗೆ, ಹೊಸ ದೋಣಿಯ ಗುಟ್ಟು ಯಾರಿಗೂ ಗೊತ್ತಿಲ್ಲ. ಹಳೆಯ ದೋಣಿಯ ಕಾಯಿಲೆ ಯಜಮಾನನಿಗೆ ಬಾಯಿಪಾಠ.

ಸುಹೈಲಿಯ ಮುಂದಿನ ಕಥೆಯಲ್ಲೂ ಒಂದು ಪಾಠವಿದೆ. ಗೌರವದಿಂದ ಅದನ್ನು ಗ್ರೀನಿಚ್‌ನ ವಸ್ತುಸಂಗ್ರಹಾಲಯದ ಸೂರಿನ ಕೆಳಗೆ ಇರಿಸಿದರು. ಅಲ್ಲಿನ ಒಣಹವೆಗೆ ಅದರ ಹಲಗೆಗಳು ಕುಗ್ಗತೊಡಗಿದವು. ಬಿರುಗಾಳಿ ಮಾಡಲಾಗದ್ದನ್ನು ಬೆಚ್ಚಗಿನ ಕೋಣೆ ಮಾಡುವುದರಲ್ಲಿತ್ತು. ಯಜಮಾನ ಅದನ್ನು ಹೊರತೆಗೆದು ಮತ್ತೆ ನೀರಿಗಿಳಿಸಿದ. ಮರದ ದೋಣಿ ಕೊಳ್ಳುವಾಗ ಎಷ್ಟು ವರ್ಷ ಓಡಿದೆ ಎಂದು ಕೇಳುವುದಕ್ಕಿಂತ, ಎಷ್ಟು ವರ್ಷ ಸುಮ್ಮನೆ ನಿಂತಿದೆ ಎಂದು ಕೇಳುವುದು ಜಾಣತನ.

ಮರದ ಯುಗವನ್ನು ಮುಗಿಸಿದ್ದು ಗಾಜಿನ ನಾರು, ಅಂದರೆ ಫೈಬರ್‌ಗ್ಲಾಸ್. ಗಾಜಿನ ನಾರಿನ ಹೊದಿಕೆಗೆ ರಾಳ ಬಳಿದು ಅಚ್ಚಿನಲ್ಲಿ ಎರಕ ಹೊಯ್ದಂತೆ ದೋಣಿ ತೆಗೆಯುವುದು. ಅಮೆರಿಕದ ರೋಡ್ ಐಲೆಂಡಿನ ಪಿಯರ್ಸನ್ ಸೋದರ ಸಂಬಂಧಿಗಳಿಬ್ಬರು 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನಕ್ಕೆ 'ಟ್ರೈಟನ್' ಎಂಬ 28 ಅಡಿ ಚಿಲ್ಲರೆಯ ದೋಣಿ ತಂದರು. ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು. ಪ್ರದರ್ಶನ ಮುಗಿಯುವುದರೊಳಗೆ 17 ದೋಣಿಗಳಿಗೆ ಮುಂಗಡ ಬಂತು. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ನೌಕಾ ಅಧಿಕಾರಿ ಡೆನಿಸ್ ರೇನರ್ 1963ರಲ್ಲಿ ವೆಸ್ಟರ್ಲಿ ಸಂಸ್ಥೆ ಕಟ್ಟಿದರು. ಅದರ 'ಸೆಂಟಾರ್' 26 ಅಡಿಯದು. 1969ರಿಂದ 1980ರವರೆಗೆ 2,400ಕ್ಕೂ ಹೆಚ್ಚು ಸೆಂಟಾರ್‌ಗಳು ಹೊರಬಂದವು. ಕೆಳಗೆ ಒಂದರ ಬದಲು ಎರಡು ಕೀಲ್, ಹೀಗಾಗಿ ಇಳಿತ ಬಂದಾಗ ಕೆಸರಿನ ಮೇಲೆ ಎರಡು ಕಾಲೂರಿ ನೆಟ್ಟಗೆ ನಿಲ್ಲುತ್ತದೆ. ದುಬಾರಿ ಮರೀನಾ ಬೇಡ, ಅಗ್ಗದ ಕೆಸರುದಂಡೆ ಸಾಕು. ಶಾಲೆಯ ಮೇಷ್ಟ್ರು, ಅಂಚೆ ನೌಕರರಂಥವರ ಕೈಗೂ ಸಂಸಾರದ ದೋಣಿ ಎಟುಕಿದ್ದು ಇಂಥವುಗಳಿಂದ.

ಇಲ್ಲಿಂದಲೇ ಹಳೆಯ ದೋಣಿಗಳ ಈಗಿನ ಮಾರುಕಟ್ಟೆ ಹುಟ್ಟಿತು. ಮರದ ದೋಣಿಯನ್ನು ಉಪೇಕ್ಷಿಸಿದರೆ ಕೊಳೆತು ಮಣ್ಣಾಗುತ್ತಿತ್ತು. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಐವತ್ತು ವರ್ಷದ ಸೆಂಟಾರ್‌ಗಳು ಇಂದಿಗೂ ಕೈಯಿಂದ ಕೈಗೆ ಹೋಗುತ್ತಿವೆ. ಕೊಳೆಯದಿದ್ದರೂ ಅದಕ್ಕೂ ಕಾಯಿಲೆಗಳಿವೆ. ಹೊರಮೈಯ ತೆಳು ಪದರದಿಂದ ನೀರು ನಿಧಾನವಾಗಿ ಒಳಸೇರಿ, ರಾಳದಲ್ಲಿ ಉಳಿದ ರಾಸಾಯನಿಕಗಳೊಂದಿಗೆ ಕೂಡಿ, ಬಣ್ಣದ ಕೆಳಗೆ ಬೊಬ್ಬೆ ಏಳಿಸುತ್ತದೆ. ಚುಚ್ಚಿದರೆ ವಿನೆಗರಿನಂಥ ಹುಳಿ ವಾಸನೆ. ಇದನ್ನು ಆಸ್ಮೋಸಿಸ್ ಎನ್ನುತ್ತಾರೆ. ಕೀಲ್ ಹಿಡಿದಿರುವ ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಕೂವೆಮರವನ್ನು ಹಿಡಿದು ನಿಲ್ಲಿಸಿರುವ ಉಕ್ಕಿನ ತಂತಿಗಳು ಹೊರಗೆ ಹೊಳೆಯುತ್ತಿದ್ದರೂ ಒಳಗೆ ದಣಿದಿರುತ್ತವೆ. ಒಡಲಿನ ಕೆಳಗಿನ ಹಿತ್ತಾಳೆಯ ನಲ್ಲಿಗಳಿಂದ ಉಪ್ಪುನೀರು ಸತುವನ್ನು ಹೀರಿಬಿಟ್ಟರೆ ಅವು ಬಿಸ್ಕತ್ತಿನಂತೆ ಮುರಿಯುತ್ತವೆ.

ಹಾಗಾಗಿ ಸರ್ವೆಯರ್ ಬೇಕು. ನಮ್ಮ ದನದ ಜಾತ್ರೆಗಳಲ್ಲಿ ಬಾಯಿ ಬಿಡಿಸಿ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವವರಿರುತ್ತಾರಲ್ಲ, ದೋಣಿಗೆ ಇವರು ಹಾಗೆ. ಮೊದಲು ಕ್ರೇನಿನಲ್ಲಿ ದೋಣಿಯನ್ನು ನೀರಿನಿಂದ ಎತ್ತಿಸುತ್ತಾರೆ, ಎಮ್ಮೆಯನ್ನು ದಡಕ್ಕೆ ಹೊಡೆಯುವ ಕೆಲಸ ಇದೇ. ಆಮೇಲೆ ಚಿಕ್ಕ ಸುತ್ತಿಗೆಯಿಂದ ಒಡಲನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಜಾಗದಲ್ಲಿ ಖಣಿ, ಪದರ ಬಿಟ್ಟ ಜಾಗದಲ್ಲಿ ಬೊದ್ದು ಸದ್ದು. ತೆಂಗಿನಕಾಯಿ, ಮಡಕೆ ಕೊಳ್ಳುವಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ತೇವ ಅಳೆಯುವ ಯಂತ್ರವೂ ಇದೆ, ಆದರೆ ಕಿವಿಗೆ ಅದು ಬದಲಿಯಲ್ಲ. ದಲ್ಲಾಳಿಯ ಮೂಲಕ ಕೊಳ್ಳುವಾಗ ಸಾಮಾನ್ಯವಾಗಿ ಹತ್ತನೇ ಒಂದು ಭಾಗ ಮುಂಗಡ ಕೊಟ್ಟು, ಪರೀಕ್ಷೆಯಲ್ಲಿ ಸರಿಯಾದರೆ ಮಾತ್ರ ಎಂಬ ಷರತ್ತು ಬರೆಸುತ್ತಾರೆ. ಪರೀಕ್ಷೆಯ ಖರ್ಚು ಕೊಳ್ಳುವವರದು. ಮಾರುವವರು ತಾವೇ ಮಾಡಿಸಿದ ವರದಿ ತೋರಿಸಿದರೆ ಓದಿ, ಆದರೆ ಅದು ಅವರ ಕೆಂಪು ಪುಸ್ತಕ, ನಿಮ್ಮ ಹಸಿರು ಪುಸ್ತಕವನ್ನು ನೀವೇ ಬರೆಸಬೇಕು. ಈ ದೇಶದ ಕಾನೂನಿನಲ್ಲಿ ಖಾಸಗಿಯಾಗಿ ಮಾರುವವರು ನಿಮ್ಮ ಪ್ರಶ್ನೆಗೆ ಸುಳ್ಳು ಹೇಳುವಂತಿಲ್ಲ, ನಿಜ. ಆದರೆ ನೀವು ಕೇಳದೇ ಇದ್ದದ್ದನ್ನು ತಾವಾಗಿ ಹೇಳಬೇಕಾದ ಹೊಣೆ ಸಾಮಾನ್ಯವಾಗಿ ಅವರ ಮೇಲಿಲ್ಲ. ಆದ್ದರಿಂದ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಷ್ಟೆಲ್ಲ ಭಯವಿದ್ದರೂ ಹಳೆಯ ಚಿಕ್ಕ ದೋಣಿಗಳು ಮಾಡಿದ ಸಾಧನೆ ಸಣ್ಣದಲ್ಲ. ಶೇನ್ ಆಕ್ಟನ್ ಎಂಬ ಇಂಗ್ಲೆಂಡಿನ ಯುವಕ ಬರೀ 18 ಅಡಿಯ ಪ್ಲೈವುಡ್ ದೋಣಿಯಲ್ಲಿ 1972ರಲ್ಲಿ ಕೇಂಬ್ರಿಜ್‌ನಿಂದ ಹೊರಟು, ಭೂಮಿ ಸುತ್ತಿ 1980ರಲ್ಲಿ ಮರಳಿದ. ನಮಗೆ ಇನ್ನೂ ಹತ್ತಿರದ ಹೆಸರು ಭಾರತೀಯ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಅವರದು. ನಾಕ್ಸ್-ಜಾನ್‌ಸ್ಟನ್ ಗೆದ್ದ ಸ್ಪರ್ಧೆಯ ನೆನಪಿಗೆ 2018ರಲ್ಲಿ ಅದನ್ನು ಮತ್ತೆ ನಡೆಸಿದಾಗ, ಟಾಮಿ ಸುಹೈಲಿಯದೇ ಪಡಿಯಚ್ಚಾಗಿ ಗೋವಾದಲ್ಲಿ ಕಟ್ಟಿದ ಹೊಸ ದೋಣಿ 'ತುರಿಯಾ'ದಲ್ಲಿ ಹೋದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ಬಿರುಗಾಳಿ ಅದನ್ನು ಮಗುಚಿ ಕೂವೆಮರ ಮುರಿಯಿತು, ಟಾಮಿ ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನಗಳ ನಂತರ ಫ್ರಾನ್ಸಿನ ಮೀನುಗಾರಿಕೆ ಕಾವಲು ಹಡಗೊಂದು ಅವರನ್ನು ಕಾಪಾಡಿತು. ನಾಲ್ಕು ವರ್ಷಗಳ ನಂತರ ಅವರು ಮತ್ತೆ ಹೊರಟಿದ್ದು ಹಳೆಯ ದೋಣಿಯಲ್ಲಿ, ರಸ್ಲರ್ 36 ಮಾದರಿಯ 'ಬಯಾನತ್'ನಲ್ಲಿ. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು. ಎರಡು ದಿನ ಮೊದಲು ಗೆದ್ದಿದ್ದ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಅವರ 'ಮಿನೆಹಾಹಾ' ಕೂಡ ಅವರು ಹುಡುಕಿ ಕೊಂಡು, ದುರಸ್ತಿ ಮಾಡಿಕೊಂಡ ಹಳೆಯ ದೋಣಿಯೇ. ಇಡೀ ಭೂಮಿ ಸುತ್ತುವ ಸ್ಪರ್ಧೆಯ ಮೊದಲ ಎರಡು ಸ್ಥಾನವೂ ಯಾರೋ ಒಮ್ಮೆ ಮಾರಿದ ದೋಣಿಗಳಿಗೆ!

ಆದರೆ ಎಲ್ಲ ಹಳೆಯ ದೋಣಿಗೂ ಇಂಥ ಭಾಗ್ಯವಿಲ್ಲ. ಕೊಳೆಯದಿರುವುದು ಫೈಬರ್‌ಗ್ಲಾಸಿನ ವರ ಎಂದೆ, ಅದೇ ಅದರ ಶಾಪ ಕೂಡ. ವಯಸ್ಸಾದ ಯಜಮಾನರು ತೀರಿಕೊಂಡ ಮೇಲೆ, ಮಕ್ಕಳಿಗೆ ಆಸಕ್ತಿಯಿಲ್ಲದೆ, ಅಳಿವೆಯ ಕೆಸರಿನಲ್ಲಿ ಹೂತು ನಿಂತ ದೋಣಿಗಳು ಎಷ್ಟೋ. ಸುಡಲು ಬರುವುದಿಲ್ಲ, ಕರಗಿಸಲು ಬರುವುದಿಲ್ಲ, ಕತ್ತರಿಸಿ ಸಾಗಿಸಲು ದೋಣಿಯ ಬೆಲೆಗಿಂತ ಹೆಚ್ಚು ಖರ್ಚು. ಫ್ರಾನ್ಸ್ 2019ರಿಂದ ಹಳೆಯ ಪ್ರವಾಸಿ ದೋಣಿಗಳನ್ನು ಕಳಚುವ ವ್ಯವಸ್ಥೆಯನ್ನು ದೇಶದ ಮಟ್ಟದಲ್ಲೇ ನಡೆಸುತ್ತಿದೆ. ಹೊಸ ದೋಣಿ ಮಾರುವ ಉದ್ಯಮವೇ ಅದಕ್ಕೆ ಹಣ ಹಾಕಬೇಕು. ಅಂಥ ವ್ಯವಸ್ಥೆ ಇಲ್ಲದ ಕಡೆ ಒಂದು ಪೌಂಡಿಗೆ ದೋಣಿ ಎಂಬ ಜಾಹೀರಾತು ಕಂಡರೆ ಹಿಗ್ಗಬೇಡಿ. ಅಲ್ಲಿ ಮಾರುತ್ತಿರುವುದು ದೋಣಿಯನ್ನಲ್ಲ, ಅದನ್ನು ಮಣ್ಣುಮಾಡುವ ಹೊಣೆಯನ್ನು. ಪ್ಲಿಮ್ಸಾಲನ ಕಾಲದಲ್ಲಿ ಹಳೆಯ ಹಡಗಿನ ಭಾರ ನಾವಿಕರ ಮೇಲೆ ಬೀಳುತ್ತಿತ್ತು. ಈಗ ಅದು ಅಳಿವೆಯ ನೀರಿನ ಮೇಲೆ, ಅಲ್ಲಿ ಬದುಕುವ ಜೀವಿಗಳ ಮೇಲೆ ಬೀಳುತ್ತಿದೆ.

ಆದ್ದರಿಂದ ನಿಮ್ಮಲ್ಲಿ ಯಾರಾದರೂ, ಮಕ್ಕಳು ದೊಡ್ಡವರಾದರು, ಭಾನುವಾರಗಳು ಖಾಲಿಯಾದವು, ಒಂದು ಹಳೆಯ ದೋಣಿ ಕೊಳ್ಳೋಣ ಎಂದುಕೊಂಡಿದ್ದರೆ, ಖಂಡಿತ ಕೊಳ್ಳಿ. ನೋಡಿಕೊಳ್ಳುವ ಕೈಯೊಂದು ಸಿಕ್ಕ ದೋಣಿ ಕೆಸರಿಗೆ ಹೋಗುವುದು ತಪ್ಪುತ್ತದೆ. ಬೆಲೆಗೆ ಮೀಸಲಿಟ್ಟ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಹಗ್ಗ, ತಂತಿ, ನಲ್ಲಿಗಳಿಗೆಂದು ಒಂದು ಪಾಲು ಉಳಿಸಿಕೊಳ್ಳಿ. ಹಳೆಯ ಯಜಮಾನರು ಬಿಲ್ಲು, ಚೀಟಿ, ರಿಪೇರಿಯ ಲೆಕ್ಕಗಳನ್ನು ಕಡತದಲ್ಲಿ ಜೋಡಿಸಿಟ್ಟಿದ್ದರೆ ಅದು ಹೊಸ ಹಾಯಿಗಿಂತ ಬೆಲೆಯುಳ್ಳದ್ದು ಎಂದು ತಿಳಿಯಿರಿ. ಸ್ಲೋಕಮ್ ಬರೆದಿಟ್ಟ ಆ 62 ಸೆಂಟುಗಳು ನೆನಪಿರಲಿ.

ಮಾರುವವರಿಗೂ ಒಂದು ಮಾತು. ನಿಮ್ಮ ದೋಣಿಯ ಯಾವ ನಲ್ಲಿ ಬಿಗಿ, ಯಾವ ಕಿಟಕಿ ಮಳೆಗೆ ಸೋರುತ್ತದೆ, ಎಂಜಿನ್ ಯಾವ ಚಳಿಗೆ ಮುನಿಸಿಕೊಳ್ಳುತ್ತದೆ ಎಂಬುದು ಯಾವ ಸರ್ವೆಯರ್‌ಗೂ ಒಂದು ದಿನದಲ್ಲಿ ತಿಳಿಯುವುದಿಲ್ಲ. ನಿಮಗೆ ಗೊತ್ತು. ಅದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಬೆಲೆ ಸ್ವಲ್ಪ ಇಳಿಯಬಹುದು. ಆದರೆ ಆ ಹಾಳೆಯನ್ನು ಹಿಡಿದು ಸಮುದ್ರಕ್ಕೆ ಹೋಗುವವರು ನಿಮಗೆ ಗುರುತಿಲ್ಲದ ಒಂದು ಸಂಸಾರ, ಅವರ ಜೊತೆ ಮಕ್ಕಳೂ ಇರಬಹುದು.